ಮಾತಿಗೆ ಮಾತು ಕೊಡದ ಪಾತ್ರಗಳು

ನಾಟಕ, ಕಾದಂಬರಿ, ಯಕ್ಷಗಾನ ಕೂಟಗಳ ವಿಮರ್ಶೆ ಬರುವ ಈ ಪುಟದಲ್ಲಿ ಈ ತಿಂಗಳು ಕಂಪ್ಯೂಟರ್ ಆಟವೊಂದರ ವಿಮರ್ಶೆಯನ್ನು ಕಂಡು ಹಿರಿಯ ವಾಚಕರು ಹುಬ್ಬೇರಿಸಬಹುದು. ಮಕ್ಕಳು ಪರೀಕ್ಷೆಯ ಹೊತ್ತಿನಲ್ಲಿ ಕದ್ದು ಆಡುವ ವಸ್ತುವಿಗೂ ವಿಮರ್ಶೆಯೇ ಎಂದು ಕೇಳಲೂಬಹುದು. ನಾವೂ ಮೊದಲು ಹಾಗೆ ಕೇಳಿದವರೇ. ಆದರೆ ಈ ಆಟದಲ್ಲಿ ಪಾತ್ರಗಳಿವೆ, ಅವು ಮಾತಾಡುತ್ತವೆ, ಅದೂ ಕನ್ನಡದಲ್ಲಿ. ಪಾತ್ರವೂ ಮಾತೂ ಕೂಡಿದ ಕಡೆ ವಿಮರ್ಶೆಗೆ ಪ್ರವೇಶವಿದೆ ಎಂದು ನಮ್ಮ ನಂಬಿಕೆ.

ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಆಟವನ್ನು ಕಟ್ಟಿದವರು ನಮ್ಮವರೇ ಆದ ಮೂವರು ಕಾಲೇಜು ಹುಡುಗರು. ಒಬ್ಬ ಕಲ್ಯಾಣದವನು, ಒಬ್ಬ ಐರೋಲಿಯವನು. ಮೂರನೆಯವನು ಡೊಂಬಿವಲಿ ಪೂರ್ವದಲ್ಲಿ ನಮ್ಮ ಮನೆಯಲ್ಲೇ ಬೆಳೆದವನು, ಎಂದರೆ ನಮ್ಮ ಮಗ. ಆದುದರಿಂದ ಇಲ್ಲಿ ಹೊಗಳಿಕೆ ಕಂಡರೆ ಅರ್ಧ ಕಳೆದು ಓದಬೇಕು. ತೆಗಳಿಕೆ ಕಂಡರೆ ಅದರಲ್ಲಿ ನಮ್ಮ ಪಾಲೂ ಇದೆಯೆಂದು ತಿಳಿಯಬೇಕು.

ಈ ಜಾತಿಯ ಆಟಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಎಂದು ಹೆಸರು. ಆಡುವವನು ಒಂದು ಪಾತ್ರವನ್ನು ವಹಿಸಿಕೊಂಡು ಕಥೆಯೊಳಗೆ ನಡೆಯುತ್ತಾನೆ. ಇದು ಹುಟ್ಟಿದ್ದು ಕಂಪ್ಯೂಟರಿನಲ್ಲಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ನಾಲ್ಕಾರು ಮಂದಿ ಮೇಜಿನ ಸುತ್ತ ಕೂರುವುದು. ಒಬ್ಬ ಕಥೆ ನಡೆಸುವವನು, ಉಳಿದವರಿಗೆ ಒಂದೊಂದು ಪಾತ್ರ. ದಾಳ ಉರುಳಿಸುತ್ತ, ಆಯಾ ಪಾತ್ರವಾಗಿ ಮಾತಾಡುತ್ತ ಕಥೆ ಬೆಳೆಸುವುದು. ವೇಷವಿಲ್ಲ, ರಂಗವಿಲ್ಲ, ಬರೆದಿಟ್ಟ ಮಾತೂ ಇಲ್ಲ. ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ವಾಚಕರಿಗೆ ಇದನ್ನು ಓದುವಾಗಲೇ ಏನೋ ನೆನಪಾಗಿರಬೇಕು. ಅಲ್ಲಿಗೆ ಆಮೇಲೆ ಬರುತ್ತೇವೆ.

ಕಂಪ್ಯೂಟರಿಗೆ ಬಂದ ಮೇಲೆ ಆಟದ ಸ್ವರೂಪ ಬದಲಾಯಿತು. 1986ರ ಜಪಾನಿನ 'ಡ್ರ್ಯಾಗನ್ ಕ್ವೆಸ್ಟ್' ನಂತರ, ಊರಿಂದೂರಿಗೆ ಅಲೆದು, ಎದುರಾದವರನ್ನು ಮಾತಾಡಿಸಿ, ಸುಳಿವು ಹಿಡಿದು ಮುಂದೆ ಹೋಗುವ ಮಾದರಿ ಮನೆಮನೆಗೂ ತಲುಪಿತು. 1990ರ ದಶಕದಲ್ಲಿ ಅದೇ ಜಪಾನಿನಿಂದ 'ಆರ್‌ಪಿಜಿ ಮೇಕರ್' ಎಂಬ ಸಲಕರಣೆ ಬಂತು. ಪ್ರೋಗ್ರಾಮ್ ಬರೆಯಲು ಬಾರದವನೂ ಮನೆಯಲ್ಲೇ ಕೂತು ಇಂಥ ಆಟವನ್ನು ಕಟ್ಟಬಹುದಾಯಿತು. ಹವ್ಯಾಸಿಗಳ ಕೈಗೆ ರಂಗ ಸಿಕ್ಕಿತು. 2011ರಲ್ಲಿ ಬಂದ ಕಾನ್ ಗಾವೊ ಅವರ 'ಟು ದ ಮೂನ್' ಇದೇ ಸಲಕರಣೆಯಿಂದ ಆದದ್ದು. ಚಂದ್ರನಿಗೆ ಹೋಗಬೇಕೆಂಬ, ಕಾರಣ ತನಗೇ ತಿಳಿಯದ ಆಸೆಯನ್ನಿಟ್ಟುಕೊಂಡು ಸಾವಿನ ಹಾಸಿಗೆಯಲ್ಲಿ ಮಲಗಿದ ಮುದುಕನೊಬ್ಬನ ಕಥೆ ಅದು. ಹೊಡೆದಾಟ ಇಲ್ಲವೆನ್ನುವಷ್ಟು ಕಡಿಮೆ; ಕಥೆ ಸಾಗುವುದೆಲ್ಲ ಮಾತಿನಲ್ಲಿ. ಟೋಬಿ ಫಾಕ್ಸ್ ಎಂಬ ಯುವಕ ಬಹುಪಾಲು ಒಬ್ಬನೇ ಕೂತು ಬೇರೊಂದು ಸಲಕರಣೆಯಿಂದ ಮಾಡಿದ 'ಅಂಡರ್‌ಟೇಲ್' 2015ರಲ್ಲಿ ಬಂದು ಜಗತ್ತಿನ ಗಮನ ಸೆಳೆಯಿತು. ಹವ್ಯಾಸಿ ಎಂದಾಕ್ಷಣ ಮೂಗು ಮುರಿಯಬೇಕಾಗಿಲ್ಲ ಎಂಬುದಕ್ಕೆ ಈ ಎರಡು ಸಾಕ್ಷಿ ಸಾಕು. ಮುಂಬಯಿ ಕನ್ನಡಿಗರಿಗಂತೂ ಇದನ್ನು ಹೇಳಬೇಕಾಗಿಯೇ ಇಲ್ಲ. 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘದ ಕಾಲದಿಂದಲೂ ಹಗಲು ಕಚೇರಿಯಲ್ಲಿ ದುಡಿದು ಸಂಜೆ ತಾಲೀಮಿಗೆ ಓಡಿದವರೇ ಇಲ್ಲಿ ಕನ್ನಡ ರಂಗವನ್ನು ಉಳಿಸಿದ್ದು.

ಇನ್ನು ನಮ್ಮ ಹುಡುಗರ ಆಟ. ಹೆಸರನ್ನು ಅವರಿನ್ನೂ ಇಟ್ಟಿಲ್ಲ. ಕಥೆ ಸರಳ. ಡೊಂಬಿವಲಿಯ ಹುಡುಗನೊಬ್ಬ ರಜೆಯಲ್ಲಿ ಅಜ್ಜನ ಊರಿಗೆ ಹೋಗುತ್ತಾನೆ. ಅಟ್ಟದ ಮೇಲಿದ್ದ ಅಜ್ಜನ ಮದ್ದಳೆ ಕಾಣೆಯಾಗಿದೆ. ಯಾರೋ ಎರವಲು ಒಯ್ದು ಹಿಂದೆ ಕೊಟ್ಟಿಲ್ಲ. ಯಾರ ಮನೆಯಲ್ಲಿದೆಯೆಂದು ಊರವರನ್ನು ಕೇಳುತ್ತ ಹೋಗಬೇಕು. ಹದಿನಾಲ್ಕು ಮನೆ, ಒಂದು ದೇವಸ್ಥಾನ, ಒಂದು ಗೂಡಂಗಡಿ, ಒಂದು ಬಸ್ ನಿಲ್ದಾಣ. ಅಡಿಕೆ ತೋಟದ ಚಿತ್ರ ಬಹಳ ಚೆನ್ನಾಗಿದೆ. ಮಳೆಯ ಸದ್ದಂತೂ ನಮ್ಮನ್ನು ಒಂದು ಕ್ಷಣ ಊರಿಗೇ ಒಯ್ದುಬಿಟ್ಟಿತು. ಹುಡುಗರ ಶ್ರಮಕ್ಕೆ ನಮ್ಮ ಶಹಬ್ಬಾಸ್ ಇದೆ.

ಆದರೆ ಮಾತು ಶುರುವಾದ ಕೂಡಲೇ ಊರು ಮಾಯವಾಯಿತು. ಅಂಗಡಿಯವನ ಹತ್ತಿರ ಹೋಗಿ ಗುಂಡಿ ಒತ್ತಿದರೆ "ಈ ಹಳ್ಳಿಗೆ ಸ್ವಾಗತ, ಯುವಕನೇ" ಎನ್ನುತ್ತಾನೆ. ಎರಡನೆಯ ಸಲ ಒತ್ತಿದರೂ ಅದೇ. ಮದ್ದಳೆ ಸಿಕ್ಕಿ, ಅದನ್ನು ಹೆಗಲಿಗೇರಿಸಿಕೊಂಡು ಬಂದು ಅವನೆದುರು ನಿಂತರೂ ಅದೇ ಸ್ವಾಗತ! ಅರ್ಚಕರು ಒಂದು ವಾಕ್ಯ, ಬಸ್ ಕಂಡಕ್ಟರು ಒಂದು ವಾಕ್ಯ. ಊರೆಂದರೆ ಹದಿನಾಲ್ಕು ಬೋರ್ಡುಗಳನ್ನು ನೆಟ್ಟಂತೆ. ಅಜ್ಜಿ ಬಾಗಿಲಿಗೆ ಬಂದು ಮೊಮ್ಮಗನನ್ನು ಕೇಳುತ್ತಾಳೆ: "ನಾನು ನಿನಗೆ ಹೇಗೆ ಸಹಾಯ ಮಾಡಬಹುದು?" ವಾಚಕರೇ ಹೇಳಲಿ, ಯಾವ ಸೀಮೆಯ ಅಜ್ಜಿ ಹೀಗೆ ಕೇಳಿದ್ದಾಳೆ? ಇದು ಬ್ಯಾಂಕಿನ ಕೌಂಟರಿನ ಮಾತು.

ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮವಾದದ್ದು. ಆಟದಲ್ಲಿ ಎಲ್ಲರೂ ಎಲ್ಲರಿಗೂ 'ನೀನು' ಎನ್ನುತ್ತಾರೆ. ಹುಡುಗ ಅರ್ಚಕರಿಗೂ 'ನೀನು', ಅಂಗಡಿಯವನಿಗೂ 'ನೀನು'. ಇಂಗ್ಲಿಷಿನಲ್ಲಿ ಒಂದೇ ಶಬ್ದದಿಂದ ಸಾಗುತ್ತದೆ. ಕನ್ನಡದಲ್ಲಿ ಬಾಯಿ ತೆರೆಯುವ ಮೊದಲೇ ಎದುರಿನವರು ನನಗೇನಾಗಬೇಕು ಎಂದು ತೀರ್ಮಾನಿಸಬೇಕು. ಮಾವನೋ, ಚಿಕ್ಕಪ್ಪನೋ, ಬರೇ ಪರಿಚಯದವರೋ, 'ಮಾರಾಯ' ಎನ್ನುವಷ್ಟು ಸಲಿಗೆಯವರೋ. 'ನೀವು' ಎಂದವನು ನಡುವೆ ಒಮ್ಮೆ 'ನೀನು' ಎಂದರೆ ಅಲ್ಲಿ ಸ್ನೇಹವಾದರೂ ಬೆಳೆದಿದೆ, ಜಗಳವಾದರೂ ಹುಟ್ಟಿದೆ. ಒಂದೇ ಅಕ್ಷರದ ಬದಲಾವಣೆಯಿಂದ ಕಥೆ ತಿರುಗುತ್ತದೆ. ಇಷ್ಟು ಬೆಲೆಬಾಳುವ ಸಾಧನ ಕೈಯಲ್ಲಿದ್ದೂ ಹುಡುಗರು ಅದನ್ನು ಬಳಸಲಿಲ್ಲ.

ಪಾತ್ರಗಳಿಗೆ ಉತ್ತರ ಆರಿಸಿಕೊಳ್ಳುವ ಅವಕಾಶವೂ ಅಲ್ಲಲ್ಲಿ ಇದೆ. "ಮದ್ದಳೆ ನಿಮ್ಮ ಮನೆಯಲ್ಲಿದೆಯೇ?" ಎಂದು ನಯವಾಗಿ ಕೇಳಬಹುದು, "ಮದ್ದಳೆ ಕೊಡು!" ಎಂದು ಗದರಿಸಬಹುದು, ಸುಮ್ಮನಿರಬಹುದು. ಮೂರನ್ನೂ ನಾವು ಪರೀಕ್ಷಿಸಿದೆವು. ಮೂರಕ್ಕೂ ಬಂದ ಉತ್ತರ ಒಂದೇ: "ನನಗೆ ಗೊತ್ತಿಲ್ಲ, ಅರ್ಚಕರನ್ನು ಕೇಳು."

ಮಗನನ್ನು ಕೇಳಿದಾಗ ಅವನು ಲೆಕ್ಕ ಮುಂದಿಟ್ಟ. ಬಿ.ಎಸ್ಸಿ. ಓದಿದ ನಮಗೆ ಅದು ಅರ್ಥವಾಗದ ಲೆಕ್ಕವಲ್ಲ. ಒಂದೊಂದು ಮಾತಿಗೆ ಮೂರು ಉತ್ತರ, ಪ್ರತಿ ಉತ್ತರಕ್ಕೂ ಬೇರೆ ಮುಂದುವರಿಕೆ ಎಂದಿಟ್ಟುಕೊಂಡರೆ, ಐದು ಸುತ್ತಿನ ಮಾತಿಗೆ 243 ದಾರಿಗಳಾಗುತ್ತವೆ. ಹತ್ತು ಸುತ್ತಿಗೆ 59,049. ಕಾಲೇಜು ಮುಗಿಸಿ ರಾತ್ರಿ ಕೂರುವ ಮೂವರು ಹುಡುಗರು ಇಷ್ಟನ್ನು ಬರೆಯುವುದೆಲ್ಲಿ? ಸಂಬಳ ಕೊಟ್ಟು ನೂರಾರು ಮಂದಿಯನ್ನಿಟ್ಟುಕೊಂಡ ಕಂಪೆನಿಗಳಿಗೂ ಅದು ಸಾಧ್ಯವಿಲ್ಲ. ಅದಕ್ಕೇ ದಾರಿಗಳನ್ನು ಸ್ವಲ್ಪ ದೂರ ಕವಲೊಡೆಸಿ ಮತ್ತೆ ಒಂದೇ ಕಡೆ ಕೂಡಿಸುತ್ತಾರೆ. ಕಥೆ ಮುಟ್ಟಬೇಕಾದ ಕಡೆ ಮುಟ್ಟಲೇಬೇಕು.

ಈ ಸಮಾಧಾನವನ್ನು ಕೇಳಿದಾಗಲೇ ನಮಗೆ ತಾಳಮದ್ದಳೆ ನೆನಪಾದದ್ದು. ಅಲ್ಲಿಯೂ ಇದೇ ಕಟ್ಟುಪಾಡು ತಾನೇ? ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಭಾಗವತರು ಪದ್ಯ ಹಾಡುತ್ತಾರೆ. ಚೆಂಡೆ, ಮದ್ದಳೆ ನಿಲ್ಲುತ್ತದೆ. ಎದುರುಬದುರು ಕೂತ ಅರ್ಥಧಾರಿಗಳು ಮಾತು ತೆಗೆಯುತ್ತಾರೆ. ಆ ಮಾತನ್ನು ಯಾರೂ ಬರೆದುಕೊಟ್ಟಿಲ್ಲ. ಎಷ್ಟು ಹೊತ್ತು ಬೇಕಾದರೂ ಎಲ್ಲಿಗೆ ಬೇಕಾದರೂ ವಾದ ಹರಿಯಬಹುದು. ಆದರೆ ಮುಂದಿನ ಪದ್ಯ ಎಲ್ಲಿ ಆರಂಭವಾಗುತ್ತದೋ ಅಲ್ಲಿಗೆ ಇಬ್ಬರೂ ಬಂದು ನಿಲ್ಲಬೇಕು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದಿರುವ ರಾಮಾಯಣ ಪ್ರಸಂಗಗಳಲ್ಲಿ ವಾಲಿಯ ಕಥೆಯನ್ನೇ ನೋಡಿ. ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ವಾಲಿ ಸಾಯುತ್ತಾನೆ ಎಂಬುದು ಸಭೆಯ ಕೂಸಿಗೂ ಗೊತ್ತು. ಆ ರಾತ್ರಿ ವಾದದಲ್ಲಿ ಯಾರ ಕೈ ಮೇಲಾಗುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ, ಮಲ್ಪೆ ಸಾಮಗರ, ದೇರಾಜೆ ಸೀತಾರಾಮಯ್ಯನವರ ಅರ್ಥ ಇವನ್ನು ಕ್ಯಾಸೆಟ್ಟಿನಲ್ಲೇ ಕೇಳಿ ಬೆಳೆದ ನಮ್ಮಂಥವರಿಗೂ, ಮುಗಿದ ಕಥೆಯನ್ನು ನೂರನೆಯ ಸಲ ಕೇಳುವಾಗ ಮುಂದೇನು ಎಂಬ ಕುತೂಹಲ ಉಳಿದಿರುತ್ತಿತ್ತು. ಇಂದಿಗೂ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಊರಿನ ಅರ್ಥಧಾರಿಗಳು ಮುಂಬಯಿಗೆ ಬಂದು ಕೂಟ ನಡೆಸಿದರೆ ಸಭೆ ತುಂಬುವುದು ಈ ಕುತೂಹಲದಿಂದಲೇ.

ಹಾಗಾದರೆ ಕೊನೆ ಒಂದೇ ಆಗಿರುವುದು ದೋಷವಲ್ಲ. ಮೂರು ದಾರಿ ಒಂದೇ ಕಡೆ ಕೂಡುವುದೂ ದೋಷವಲ್ಲ. ದೋಷ ಇರುವುದು ಎದುರಿನ ಪಾತ್ರಕ್ಕೆ ಕಿವಿ ಇಲ್ಲದಿರುವುದರಲ್ಲಿ. ರಾಮ ಏನು ಹೇಳಿದರೂ ವಾಲಿ ಸಾಯುತ್ತಾನೆ. ಆದರೆ ರಾಮ ಹೇಳಿದ್ದನ್ನು ಕೇಳಿಸಿಕೊಂಡು, ಅದಕ್ಕೆ ಉತ್ತರ ಕೊಟ್ಟು ಸಾಯುತ್ತಾನೆ. ನಮ್ಮ ಹುಡುಗರ ಊರವನನ್ನು ಗದರಿಸಿದರೂ ಅವನ ಮುಖ ಬಾಡುವುದಿಲ್ಲ, ನಯವಾಗಿ ಕೇಳಿದರೂ ಅರಳುವುದಿಲ್ಲ.

'ಅಂಡರ್‌ಟೇಲ್' ಆಟಕ್ಕೆ ಮನ್ನಣೆ ಬಂದದ್ದು ಬಹುಮಟ್ಟಿಗೆ ಇದೇ ಕಾರಣಕ್ಕೆ ಎಂದು ನಮಗೆ ತೋರುತ್ತದೆ. ಅದರಲ್ಲಿ ಎದುರು ಬಂದವರನ್ನು ಹೊಡೆಯಲೂಬಹುದು, ಮಾತಾಡಿಸಿ ಬಿಟ್ಟುಬಿಡಲೂಬಹುದು. ಯಾರನ್ನು ಕೊಂದೆ, ಯಾರನ್ನು ಉಳಿಸಿದೆ ಎಂಬುದು ಮುಂದೆ ಬರುವವರ ಮಾತಿನಲ್ಲಿ ಕಾಣಿಸುತ್ತದೆ. ಆಟವನ್ನು ಹಿಂದಕ್ಕೆ ಸರಿಸಿ ಹೊಸದಾಗಿ ಆಡಿದರೂ, ಹಿಂದಿನ ಸಲ ಮಾಡಿದ್ದನ್ನು ನೆನಪಿಟ್ಟುಕೊಂಡು ಚುಚ್ಚುವ ಪಾತ್ರವೂ ಒಂದಿದೆ. ಇದಕ್ಕೆ 59,049 ದಾರಿ ಬೇಕಾಗಿಲ್ಲ. ಆರ್‌ಪಿಜಿ ಮೇಕರಿನಲ್ಲಿ ಸ್ವಿಚ್ ಎಂಬ ಒಂದು ಅನುಕೂಲವಿದೆ. ಗೋಡೆಯ ಸ್ವಿಚ್ಚಿನಂತೆಯೇ, ಹಾಕಿದರೆ ಹಾಕಿದಂತೆ ಇರುತ್ತದೆ. 'ಗದರಿಸಿದ' ಎಂಬ ಒಂದು ಸ್ವಿಚ್ ಇಟ್ಟರೆ ಸಾಕು, ಮರುದಿನ ಅದೇ ಮನೆಯೆದುರು ಹಾದಾಗ ಮನೆಯವನು ಮುಖ ತಿರುಗಿಸಿಕೊಳ್ಳುವಂತೆ ಮಾಡಬಹುದು. ಒಂದು ಸ್ವಿಚ್, ಒಂದು ವಾಕ್ಯ.

ಚಿಕ್ಕ ಮಾತಿನಿಂದ ಎಷ್ಟಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಬೆಳಿಗ್ಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿ ನಿಂತವನು ಕೂತವನನ್ನು ಕೇಳುತ್ತಾನೆ: "ಕುಠೇ ಉತರ್ಣಾರ್?" ಎಲ್ಲಿ ಇಳಿಯುತ್ತೀರಿ? ಎರಡೇ ಶಬ್ದ. "ಠಾಣೆ" ಎಂದರೆ ಕೇಳಿದವನ ಮುಖ ಬೆಳಗುತ್ತದೆ, ಆ ಸೀಟಿನೆದುರು ಕಂಬದಂತೆ ನೆಡುತ್ತಾನೆ. "ಘಾಟ್ಕೋಪರ್" ಎಂದರೆ ಲೆಕ್ಕ ಹಾಕುತ್ತಾನೆ. "ಸಿ.ಎಸ್.ಟಿ." ಎಂದರೆ ಪಕ್ಕದವನ ಕಡೆ ತಿರುಗುತ್ತಾನೆ. "ಆಗಲೇ ಇನ್ನೊಬ್ಬರಿಗೆ ಹೇಳಿಯಾಗಿದೆ" ಎಂಬ ನಾಲ್ಕನೆಯ ಉತ್ತರವೂ ಉಂಟು. ಆಗ ಆ ಇನ್ನೊಬ್ಬರು ಯಾರೆಂದು ಕಣ್ಣು ಹುಡುಕುತ್ತದೆ. ಹೆಸರು ಗೊತ್ತಿಲ್ಲದ ಇಬ್ಬರ ನಡುವೆ ಒಂದು ಕರಾರು ಆಗಿಹೋಗುತ್ತದೆ, ಅದನ್ನು ಮುರಿದವನಿಗೆ ಡಬ್ಬಿಯಲ್ಲಿ ಮರ್ಯಾದೆಯಿಲ್ಲ. ಠಾಣೆ ಜಿಲ್ಲೆಯ ಮಕ್ಕಳು ಹುಟ್ಟಿದಂದಿನಿಂದ ಕೇಳುವ ಸಂಭಾಷಣೆ ಇದು. ಹೀಗೆ ಬರೆಯಿರಿ ಎಂದೆವು ಹುಡುಗರಿಗೆ. ಕೇಳಿದವನಿಗೆ ಏನೋ ಬೇಕಾಗಿರಲಿ, ಉತ್ತರ ಬಂದ ಮೇಲೆ ಅವನ ನಡೆ ಬದಲಾಗಲಿ.

ಇಷ್ಟೆಲ್ಲ ಉಪದೇಶ ಮಾಡುವ ನಾವು ಸ್ವತಃ ಏನು ಮಹಾ ಸಾಧಿಸಿದ್ದೇವೆ ಎಂಬ ಪ್ರಶ್ನೆ ಬರುವುದು ನ್ಯಾಯವೇ. ಕೆಲವು ವರ್ಷದ ಹಿಂದೆ ಒಂದು ಹವ್ಯಾಸಿ ಕೂಟದಲ್ಲಿ 'ಕೃಷ್ಣ ಸಂಧಾನ'ದ ಕೌರವನ ಪಾತ್ರ ನಮ್ಮ ಪಾಲಿಗೆ ಬಂದಿತ್ತು. ಒಂದು ತಿಂಗಳು ಲೋಕಲಿನಲ್ಲಿ ನಿಂತು ನೋಟ್‌ಬುಕ್ ಹಿಡಿದು ಉರು ಹೊಡೆದೆವು. ಕೂಟದ ದಿನ ಕೃಷ್ಣನ ಅರ್ಥ ಹೇಳುತ್ತಿದ್ದ ಹಿರಿಯರು ನಗುತ್ತ ಕೇಳಿದರು: "ಕೌರವೇಶ್ವರಾ, ನಾನು ವಿದುರನ ಮನೆಯಲ್ಲಿ ಉಂಡದ್ದಕ್ಕೆ ನಿನಗೆ ಆದದ್ದು ನೋವೋ, ಅವಮಾನವೋ?" ಎಂಥ ಪ್ರಶ್ನೆ! ನೋವು ಎಂದರೆ ಒಂದು ಕೌರವ, ಅವಮಾನ ಎಂದರೆ ಬೇರೆಯೇ ಕೌರವ. ಆದರೆ ನಮ್ಮ ನೋಟ್‌ಬುಕ್ಕಿನಲ್ಲಿ ಆ ಪ್ರಶ್ನೆ ಇರಲಿಲ್ಲ. ನಾವು ಗಂಟಲು ಸರಿಮಾಡಿಕೊಂಡು ಕ್ಷಾತ್ರಧರ್ಮದ ಮೇಲೆ ಹದಿನೈದು ನಿಮಿಷ ಒಪ್ಪಿಸಿದೆವು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಂದು ನಾವೂ ಗುಂಡಿ ಒತ್ತಿದರೆ ಒಂದೇ ವಾಕ್ಯ ಹೇಳುವ ಅಂಗಡಿಯವನೇ ಆಗಿದ್ದೆವು. ನೋಟ್‌ಬುಕ್ಕಿನ ಕೌರವ ಮಾತಾಡಿದ. ಕೃಷ್ಣನ ಎದುರಿಗೆ ಕೂತಿದ್ದ ಕೌರವ ಬಾಯಿ ತೆರೆಯಲಿಲ್ಲ.

ಈಗ ಆಟದ ಒಂದು ದೃಶ್ಯಕ್ಕೆ ಬರುತ್ತೇವೆ. ಇಡೀ ಆಟದಲ್ಲಿ ಮಾತು ನಿಜವೆನಿಸಿದ್ದು ಅಲ್ಲಿ ಮಾತ್ರ. ಕಥೆಯ ಆರಂಭದಲ್ಲಿ, ಹುಡುಗ ಇನ್ನೂ ಡೊಂಬಿವಲಿಯಲ್ಲಿರುವಾಗ, ಊರಿನಿಂದ ಅಜ್ಜಿಯ ಫೋನ್ ಬರುತ್ತದೆ. ಆಡುವವನ ಮುಂದೆ ಮೂರು ಉತ್ತರಗಳು ಮೂಡುತ್ತವೆ. "ಹೇಗಿದ್ದೀರಿ ಅಜ್ಜಿ?", "ಊಟ ಆಯ್ತಾ?", "ಅಪ್ಪನಿಗೆ ಕೊಡ್ತೇನೆ." ಯಾವುದನ್ನು ಆರಿಸಿದರೂ ಅಜ್ಜಿ "ಹ್ಞೂಂ ಮಗಾ" ಎನ್ನುತ್ತಾಳೆ. ಮತ್ತೆ ಅವೇ ಮೂರು ಮೂಡುತ್ತವೆ. ಮೂರನೆಯದನ್ನು ಆರಿಸುವವರೆಗೆ ಫೋನ್ ಮುಗಿಯುವುದಿಲ್ಲ.

ನಾವು ಇದನ್ನೂ ದೋಷದ ಪಟ್ಟಿಗೆ ಸೇರಿಸಿ, ಇಲ್ಲಿಯಾದರೂ ಬೇರೆ ಬೇರೆ ಮಾತು ಬರೆಯಬಾರದಿತ್ತೇ ಎಂದೆವು. ಮಗ ತಲೆ ಎತ್ತದೆ ಹೇಳಿದ: "ಅಪ್ಪಾ, ಇದು ತಪ್ಪಾಗಿ ಬಂದದ್ದಲ್ಲ. ಬೇಕೆಂತಲೇ ಹಾಗೆ ಮಾಡಿದ್ದು. ಅಜ್ಜಿಯ ಹತ್ತಿರ ಮಾತಾಡಲಿಕ್ಕೆ ನನಗೆ ಬರುತ್ತಿದ್ದದ್ದು ಈ ಮೂರೇ ಅಲ್ವಾ?"

ನಮ್ಮ ತಾಯಿ ತೀರಿಕೊಂಡು ಎರಡು ವರ್ಷವಾಯಿತು. ಪ್ರತಿ ಭಾನುವಾರ ಫೋನ್ ಮಾಡಿ, ಐದು ನಿಮಿಷ ನಾವು ಮಾತಾಡಿ, ಮಗನ ಕೈಗೆ ಕೊಟ್ಟು, ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದವರು ನಾವೇ. ಹೇಗಿದ್ದೀರಿ ಕೇಳು. ಊಟ ಆಯ್ತಾ ಕೇಳು. ಸಾಕು, ಇಲ್ಲಿ ಕೊಡು. ಹತ್ತು ವರ್ಷ ಇದೇ ಮೂರು ವಾಕ್ಯ. ಅಜ್ಜಿಯೂ ಆ ಕಡೆಯಿಂದ ಹ್ಞೂಂ ಎನ್ನುವುದನ್ನು ಕಲಿತರು. ಮೊಮ್ಮಗನಿಗೆ ಅವರನ್ನು ಕೇಳಬೇಕಾದದ್ದು ಏನಾದರೂ ಇತ್ತೋ, ಅವರಿಗೆ ಹೇಳಬೇಕಾದದ್ದು ಏನಿತ್ತೋ, ನಾವು ವಿಚಾರಿಸಲಿಲ್ಲ. ಮಗುವಿಗೆ ಕನ್ನಡ ಬರುತ್ತದೆ ಎಂದು ಸಂಘದಲ್ಲಿ ಹೇಳಿಕೊಳ್ಳಲು ಅಷ್ಟು ಧಾರಾಳವಾಗಿತ್ತು.

ಆದ್ದರಿಂದ ವಿಮರ್ಶಕರಾಗಿ ನಮ್ಮ ತೀರ್ಪನ್ನು ಸ್ವಲ್ಪ ತಿದ್ದಬೇಕಾಗಿದೆ. ಅಂಗಡಿಯವನ ಒಂದೇ ವಾಕ್ಯ ದೋಷ. ಅದು ಆಲಸ್ಯದಿಂದ ಬಂದದ್ದು. ಫೋನಿನ ಮೂರು ವಾಕ್ಯ ಗುಣ. ಅದು ಅನುಭವದಿಂದ ಬಂದದ್ದು. ಅಲ್ಲಿ ಉತ್ತರ ಬದಲಾಗದಿರುವುದೇ ಕಥೆ. ಇದನ್ನು ಕಂಡುಕೊಂಡ ಹುಡುಗನಿಗೆ ಸಂಭಾಷಣೆ ಬರೆಯುವ ಶಕ್ತಿಯಿದೆ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಇಲ್ಲದ್ದು ಮಾತಿನ ಸರಕು. ಆ ಸರಕನ್ನು ಕೊಡಬೇಕಾಗಿದ್ದವರು ನಾವು.

ಅಂದು ರಾತ್ರಿ ಮೂವರೂ ಕೂತು ಅಜ್ಜಿಯ ಬಾಗಿಲ ದೃಶ್ಯವನ್ನು ತಿದ್ದಿದರು. ಅಜ್ಜಿ ನಿಜವಾಗಿ ಏನು ಹೇಳುತ್ತಿದ್ದರು ಎಂದು ನಮ್ಮನ್ನು ಕೇಳಿದರು. ನಾವು ಹೇಳಿದೆವು, ಕಲ್ಯಾಣದ ಹುಡುಗ ಟೈಪ್ ಮಾಡಿದ: "ಬಂದೆಯಾ ಮಗಾ? ಎಂಥ ಬಿಸಿಲು! ಮೊದಲು ಆಸರಿಗೆ ಕುಡಿ." ಆಸರಿಗೆ ಎಂದರೇನೆಂದು ಐರೋಲಿಯವನು ಕೇಳಿದ. ಬಾಯಾರಿ ಬಂದವರಿಗೆ ಕೊಡುವ ನೀರು, ಬೆಲ್ಲದ ತುಂಡಿನ ಜೊತೆ ಎಂದೆವು. ಮಗ ಸ್ವಲ್ಪ ಹೊತ್ತು ಯೋಚಿಸಿ ಒಂದು ಸ್ವಿಚ್ ಇಟ್ಟ. ಈಗ ಹುಡುಗ ಬೆಲ್ಲ ತಿಂದು ನೀರು ಕುಡಿಯದೆ ನೇರವಾಗಿ ಮದ್ದಳೆಯ ವಿಷಯ ತೆಗೆದರೆ ಅಜ್ಜಿ ಉತ್ತರವನ್ನೇ ಕೊಡುವುದಿಲ್ಲ. "ಅದಿರಲಿ, ಮೊದಲು ಕುಡಿ" ಎನ್ನುತ್ತಾಳೆ. ಕುಡಿದ ಮೇಲೆ ಕೇಳಿದರೆ ಮದ್ದಳೆಯ ಕಥೆ ಹೇಳುತ್ತಾಳೆ, ಅಜ್ಜ ಅದನ್ನು ಎಲ್ಲಿಂದ ತಂದದ್ದು ಎಂಬುದನ್ನೂ ಸೇರಿಸಿ. ಆಟದಲ್ಲಿ ಮೊದಲ ಸಲ ಒಂದು ಮನುಷ್ಯಜೀವಿ ಕಂಡಿತು. ನಾವು ಎದ್ದು ಅಡಿಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆವು.

ಉಳಿದ ಹದಿಮೂರು ಮನೆಗಳು ಬಾಕಿ ಇವೆ. ಆ ಹುಡುಗರಿಗೆ ಊರಿನ ಮಾತು ಬೇಕು, ನಮಗಿಬ್ಬರಿಗೆ, ಎಂದರೆ ಗಂಡಹೆಂಡಿರಿಗೆ, ಗೊತ್ತಿರುವುದು ನಮ್ಮ ಸೀಮೆಯದು ಮಾತ್ರ. ಧಾರವಾಡದ ಕಡೆಯವರು, ಕಾರವಾರದವರು, ಮೈಸೂರಿನವರು ನಮ್ಮ ವಾಚಕರಲ್ಲಿ ಧಾರಾಳ ಇದ್ದಾರೆ. ನಿಮ್ಮ ಮನೆಯ ಹಿರಿಯರು ಬಾಗಿಲಿಗೆ ಬಂದವರನ್ನು ಕಂಡು ಮೊದಲು ಏನು ಹೇಳುತ್ತಿದ್ದರು, ಅದಕ್ಕೆ ಏನು ಉತ್ತರ ಕೊಡಬೇಕಾಗಿತ್ತು ಎಂಬುದನ್ನು ಒಂದು ಕಾಗದದಲ್ಲಿ ಬರೆದು ಸಂಘದ ವಿಳಾಸಕ್ಕೆ ಕಳುಹಿಸಿದರೆ ಹುಡುಗರಿಗೆ ತಲುಪಿಸುತ್ತೇವೆ. ಆದರೆ ಕಳುಹಿಸುವ ಮೊದಲು ಒಮ್ಮೆ ನಿಮ್ಮ ಮನೆಯ ಮಕ್ಕಳಿಗೆ ಓದಿ ಹೇಳಿರಿ. ಅವರು ಅದಕ್ಕೆ ಏನಾದರೂ ಕೇಳಿದರೆ ಫೋನನ್ನು ಕೆಳಗಿಟ್ಟು ಉತ್ತರ ಕೊಡಿರಿ.